ಆ ಇಬ್ಬರಿಗೆ ಮನೆ ಬಾಡಿಗೆಗೆ ಕೊಟ್ಟವರು ಯಾರು? ಬಿಎಲ್ ಕಾಮಿಕ್ಸ್ ಬಗ್ಗೆ ಒಬ್ಬ ಓದುಗಳ ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಈ ಪಾಡ್‌ಕಾಸ್ಟ್‌ನಲ್ಲಿ ನಾನು ಚೀಟಿ ವ್ಯವಹಾರದ ಬಗ್ಗೆ ಮಾತಾಡಿದೀನಿ, ಎಜುಕೇಶನ್ ಲೋನ್ ಬಗ್ಗೆ ಮಾತಾಡಿದೀನಿ, ಆನ್‌ಲೈನ್ ಮೋಸದ ಬಗ್ಗೆ ಅಂತೂ ಮೂರು ಸಲ ಮಾತಾಡಿದೀನಿ. ಇವತ್ತಿನ ವಿಷಯ ಸ್ವಲ್ಪ ಬೇರೆ. ಸುಮಾರು ಹತ್ತು ವರ್ಷದಿಂದ ನಾನು ಓದ್ತಾ ಇರೋ, ಆದ್ರೆ ಜೋರಾಗಿ ಯಾರ ಹತ್ರನೂ ಹೇಳದೇ ಇದ್ದ ವಿಷಯ. ಬಿಎಲ್ ಕಾಮಿಕ್ಸ್. ಬಿಎಲ್ ಅಂದ್ರೆ ಬಾಯ್ಸ್ ಲವ್. ಇಬ್ಬರು ಹುಡುಗರ ಅಥವಾ ಇಬ್ಬರು ಗಂಡಸರ ನಡುವಿನ ಪ್ರೀತಿಯ ಕತೆ ಹೇಳೋ ಜಪಾನಿ ಚಿತ್ರಕತೆಗಳು. ಬರೆಯೋರಲ್ಲಿ ಬಹುಪಾಲು ಹೆಂಗಸರು. ಓದೋರಲ್ಲೂ ಬಹುಪಾಲು ಹೆಂಗಸರು.

ಇದನ್ನ ಕೇಳಿದ ಕೂಡಲೇ ನಿಮ್ಮ ತಲೆಗೆ ಬಂದ ಪ್ರಶ್ನೆ ನನಗೆ ಗೊತ್ತು. ಹೆಂಗಸರು ಯಾಕೆ? ಆ ಪ್ರಶ್ನೆಗೆ ಉತ್ತರ ಇದೆ, ಅದಕ್ಕೆ ಐವತ್ತು ವರ್ಷದ ಇತಿಹಾಸನೂ ಇದೆ. ಆದ್ರೆ ಇವತ್ತು ನಾನು ಮಾತಾಡೋಕೆ ಕೂತಿರೋದು ಇನ್ನೊಂದು ಪ್ರಶ್ನೆಯಿಂದ. ಅದನ್ನ ಕೇಳಿದವನು ನನ್ನ ಬಿ.ಕಾಂ. ಕ್ಲಾಸ್‌ಮೇಟ್. ಅವನ ಒಪ್ಪಿಗೆ ತಗೊಂಡೇ ಹೇಳ್ತಿದೀನಿ, ಹೆಸರು ಮಾತ್ರ ಹೇಳಲ್ಲ.

2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ 377ನೇ ಕಲಂ ಬಗ್ಗೆ ತೀರ್ಪು ಕೊಡ್ತಲ್ಲ, ವಯಸ್ಕರು ಪರಸ್ಪರ ಒಪ್ಪಿ ಇಟ್ಟುಕೊಳ್ಳುವ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ, ಅದಾದ ಕೆಲವು ದಿನಕ್ಕೆ ಅವನು ಫೋನ್ ಮಾಡಿ ತಾನು ಗೇ ಅಂತ ಹೇಳಿದ. ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ನನಗೆ ತುಂಬಾ ಇಷ್ಟವಾಗಿದ್ದ ಒಂದು ಬಿಎಲ್ ಪುಸ್ತಕ ಅವನ ಕೈಗೆ ಕೊಟ್ಟೆ. ಒಂದೇ ಆಫೀಸಿನಲ್ಲಿ ಕೆಲಸ ಮಾಡೋ ಇಬ್ಬರ ಕತೆ. ಜಗಳ ಆಡ್ತಾರೆ, ಪ್ರೀತಿಸ್ತಾರೆ, ಕೊನೆಗೆ ಒಂದೇ ಮನೆಗೆ ಸಾಮಾನು ಸಾಗಿಸ್ತಾರೆ. ಅವನಿಗೆ ಖುಷಿ ಆಗುತ್ತೆ ಅಂತ ನನಗೆ ನೂರಕ್ಕೆ ನೂರು ನಂಬಿಕೆ ಇತ್ತು.

ಒಂದು ವಾರ ಬಿಟ್ಟು ಪುಸ್ತಕ ವಾಪಸ್ ಕೊಟ್ಟ. "ಚೆನ್ನಾಗಿದೆ ಕಣೇ. ಚಿತ್ರ ಅಂತೂ ಸೂಪರ್. ಆದ್ರೆ ಒಂದು ಡೌಟು. ಇವರಿಬ್ಬರಿಗೆ ಮನೆ ಬಾಡಿಗೆಗೆ ಕೊಟ್ಟವರು ಯಾರು?"

ನಾನು ನಕ್ಕೆ. ಅವನು ನಗಲಿಲ್ಲ.

ಆ ಪ್ರಶ್ನೆ ನನ್ನ ಜೊತೆ ಉಳಿದುಬಿಟ್ಟಿದೆ. ಇವತ್ತಿನ ಸಂಚಿಕೆ ಅದಕ್ಕೆ ನಾನು ಹುಡುಕಿಕೊಂಡ ಉತ್ತರ.

ಮೊದಲು ಹೆಸರುಗಳ ಗೊಂದಲ ಬಗೆಹರಿಸೋಣ

ಜಪಾನಿ ಕಾಮಿಕ್ಸ್‌ಗೆ ಮಾಂಗಾ ಅಂತಾರೆ. ನಾನು ಮೊದಲ ಸಲ ಮನೆಯಲ್ಲಿ ಈ ಪದ ಹೇಳಿದಾಗ ಅಮ್ಮ "ಮಂಗನ ಕತೆನಾ? ಈ ವಯಸ್ಸಲ್ಲಿ?" ಅಂದಿದ್ರು. ಅದನ್ನ ಹಾಗೇ ಬಿಟ್ಟೆ. ಅನುಕೂಲ ಆಯ್ತು.

ಬಿಎಲ್ ಅನ್ನೋ ಹೆಸರು ಜಪಾನ್‌ನಲ್ಲಿ ಚಾಲ್ತಿಗೆ ಬಂದದ್ದು 1990ರ ದಶಕದಲ್ಲಿ. ಅದಕ್ಕೂ ಮೊದಲು ಯಾಓಯಿ ಅನ್ನೋ ಪದ ಇತ್ತು. ಅದು ಮೂರು ಮಾತುಗಳ ಮೊದಲ ಅಕ್ಷರ ಸೇರಿಸಿ ಮಾಡಿದ್ದು. ಕತೆಗೆ ಏರು ಇಲ್ಲ, ಮುಕ್ತಾಯ ಇಲ್ಲ, ಅರ್ಥನೂ ಇಲ್ಲ ಅನ್ನೋ ಭಾವ. 1970ರ ದಶಕದ ಕೊನೆಯಲ್ಲಿ, ಕೈಯಿಂದ ದುಡ್ಡು ಹಾಕಿ ಪತ್ರಿಕೆ ಅಚ್ಚು ಹಾಕ್ತಿದ್ದ ಹುಡುಗಿಯರು ತಮ್ಮ ಬರವಣಿಗೆಯನ್ನ ತಾವೇ ಹಾಗೆ ಗೇಲಿ ಮಾಡಿಕೊಂಡಿದ್ದರು. ಆಮೇಲೆ ಓದುಗರಿಗೂ ಒಂದು ಹೆಸರು ಹುಟ್ಟಿಕೊಂಡಿತು. ಫುಜೋಶಿ. ಜಪಾನಿಯಲ್ಲಿ ಹೆಂಗಸರು ಅನ್ನೋಕೆ ಒಂದು ಗೌರವದ ಪದ ಇದೆ. ಉಚ್ಚಾರಣೆ ಅದೇ ಇಟ್ಟು ಒಂದು ಅಕ್ಷರ ಮಾತ್ರ ಬದಲಾಯಿಸಿದರೆ 'ಕೊಳೆತ ಹುಡುಗಿ' ಅಂತ ಆಗುತ್ತೆ. ಗಮನಿಸಿ, ಬರೆಯೋರೂ ಓದೋರೂ ತಮ್ಮನ್ನ ತಾವೇ ಮೊದಲು ಬೈದುಕೊಂಡಿದ್ದಾರೆ, ಬೇರೆಯವರು ಬೈಯೋಕೆ ಮುಂಚೆ. ಈ ನಾಚಿಕೆ ನನಗೂ ಚೆನ್ನಾಗಿ ಗೊತ್ತು. ಹಾಸ್ಟೆಲಿನಲ್ಲಿ ಮೊಬೈಲಿನ ಬ್ರೈಟ್‌ನೆಸ್ ಕಡಿಮೆ ಮಾಡಿ, ಗೋಡೆ ಕಡೆ ತಿರುಗಿಕೊಂಡು ಓದಿದವಳು ನಾನು.

ಇನ್ನೆರಡು ಪದ ಗೊತ್ತಿರಲಿ. ಸೆಮೆ ಮತ್ತು ಉಕೆ. ಸೆಮೆ ಅಂದ್ರೆ ಮುನ್ನುಗ್ಗುವವನು, ಉಕೆ ಅಂದ್ರೆ ಸ್ವೀಕರಿಸುವವನು. ಸಮರ ಕಲೆಗಳ ಕಡೆಯಿಂದ ಬಂದ ಮಾತುಗಳು ಇವು. ಹಳೇ ಬಿಎಲ್‌ನಲ್ಲಿ ಮುಖಪುಟ ನೋಡಿದ್ರೇ ಯಾರು ಯಾವುದು ಅಂತ ಗೊತ್ತಾಗುತ್ತೆ. ಎತ್ತರ ಇರೋನು, ಕಣ್ಣು ಕಿರಿದು ಮಾಡಿ ನೋಡೋನು ಸೆಮೆ. ಕುಳ್ಳಗಿರೋನು, ದೊಡ್ಡ ಕಣ್ಣಿನವನು ಉಕೆ.

ಹುಡುಗಿಯರ ಪತ್ರಿಕೆಯಲ್ಲಿ ಹುಡುಗರ ಕತೆ ಯಾಕೆ?

ಈಗ ನಿಮ್ಮ ಪ್ರಶ್ನೆಗೆ ಬರೋಣ.

1960ರ ದಶಕದವರೆಗೂ ಜಪಾನ್‌ನಲ್ಲಿ ಹುಡುಗಿಯರಿಗಾಗಿ ಬರ್ತಿದ್ದ ಮಾಂಗಾಗಳಲ್ಲಿ ಹೆಚ್ಚಿನವನ್ನು ಬರೀತಿದ್ದವರು ಗಂಡಸರು. ಸಂಪಾದಕರೂ ಗಂಡಸರೇ. ನಾಯಕಿ ಒಳ್ಳೆಯವಳಾಗಿರಬೇಕು, ಕಷ್ಟ ಸಹಿಸಬೇಕು, ಕಾಯಬೇಕು. 1970ರ ಹೊತ್ತಿಗೆ ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳ ಒಂದು ತಲೆಮಾರು ಈ ಕ್ಷೇತ್ರಕ್ಕೆ ಬಂತು. ಇವರು ಹುಟ್ಟಿದ್ದು ಹೆಚ್ಚುಕಡಿಮೆ 1949ರಲ್ಲಿ. ಜಪಾನಿನ ಲೆಕ್ಕದಲ್ಲಿ ಅದು ಶೋವಾ ಶಕೆಯ 24ನೇ ವರ್ಷ. ಹಾಗಾಗಿ ಇವರನ್ನ 24ನೇ ವರ್ಷದ ಬಳಗ ಅಂತಲೇ ಕರೀತಾರೆ. ಅವರಲ್ಲಿ ಇಬ್ಬರು ಹಾಗಿಯೊ ಮೊತೊ ಮತ್ತು ತಾಕೆಮಿಯಾ ಕೈಕೊ. ಟೋಕಿಯೊದ ನೆರಿಮಾ ಭಾಗದ ಓಇಝುಮಿ ಅನ್ನೋ ಕಡೆ ಒಂದು ಬಾಡಿಗೆ ಮನೆಯಲ್ಲಿ ಇವರಿಬ್ಬರೂ 1970ರಿಂದ ಸುಮಾರು ಎರಡು ವರ್ಷ ಒಟ್ಟಿಗೆ ಇದ್ದರು. ಬೇರೆ ಕಲಾವಿದೆಯರೂ ಅಲ್ಲಿಗೆ ಬಂದು ಹೋಗ್ತಿದ್ದರು. ಚಿತ್ರ ಬಿಡಿಸೋದು, ಸಿನಿಮಾ, ಪುಸ್ತಕ, ಚರ್ಚೆ.

ಹಾಗಿಯೊ 1971ರಲ್ಲಿ 'ನವೆಂಬರ್ ಜಿಮ್ನೇಷಿಯಂ', 1974ರಲ್ಲಿ 'ಥಾಮಸನ ಹೃದಯ' ಬರೆದರು. ಎರಡೂ ಜರ್ಮನಿಯ ಗಂಡುಮಕ್ಕಳ ವಸತಿ ಶಾಲೆಯ ಕತೆಗಳು. ತಾಕೆಮಿಯಾ ಅವರ 'ಗಾಳಿ ಮತ್ತು ಮರಗಳ ಹಾಡು' ಫ್ರಾನ್ಸಿನ ವಸತಿ ಶಾಲೆಯಲ್ಲಿ ನಡೆಯೋ ಕತೆ. ಅದನ್ನ ಅಚ್ಚು ಹಾಕೋಕೆ ಸಂಪಾದಕರು ವರ್ಷಗಟ್ಟಲೆ ಒಪ್ಪಲಿಲ್ಲ. ತಾಕೆಮಿಯಾ ಏನು ಮಾಡಿದರು ಗೊತ್ತಾ? ಮೊದಲು 'ಫೇರೋನ ಸಮಾಧಿ' ಅನ್ನೋ ಸಾಹಸದ ಕತೆ ಬರೆದು ಓದುಗರ ಮತದಲ್ಲಿ ಮೇಲೆ ಬಂದರು. ಆ ಜನಪ್ರಿಯತೆಯನ್ನ ತೋರಿಸಿ, ಈಗ ನನಗೆ ಬೇಕಾದ್ದು ಬರೀತೀನಿ ಅಂದರು. 1976ರಲ್ಲಿ ಕತೆ ಶುರುವಾಯ್ತು, 1984ರವರೆಗೂ ನಡೀತು. ಬಿ.ಕಾಂ. ಓದಿದವಳಾಗಿ ಹೇಳ್ತೀನಿ, ಇದಕ್ಕಿಂತ ಒಳ್ಳೇ ಚೌಕಾಸಿಯ ಪಾಠ ನಮ್ಮ ಸಿಲಬಸ್‌ನಲ್ಲಿ ಇರಲಿಲ್ಲ.

ಸರಿ, ಹುಡುಗರೇ ಯಾಕೆ? ಹಾಗಿಯೊ ವಸತಿ ಶಾಲೆಯ ಕತೆಯನ್ನ ಮೊದಲು ಹುಡುಗಿಯರ ಪಾತ್ರ ಇಟ್ಟುಕೊಂಡೂ ಯೋಚಿಸಿ ನೋಡಿದ್ದರು. ಆಮೇಲೆ ಹುಡುಗರನ್ನ ಆರಿಸಿಕೊಂಡರು. ಕಾರಣ ಅರ್ಥ ಮಾಡಿಕೊಳ್ಳೋದು ಕಷ್ಟ ಅಲ್ಲ. ಹುಡುಗಿ ಪಾತ್ರ ಪುಟಕ್ಕೆ ಬಂದ ಕೂಡಲೇ ಅವಳ ಜೊತೆ ಒಂದು ದೊಡ್ಡ ಪಟ್ಟಿನೂ ಬರುತ್ತೆ. ಅವಳು ಹೇಗಿರಬೇಕು, ಎಷ್ಟು ಹೊತ್ತಿಗೆ ಮನೆಗೆ ಬರಬೇಕು, ಪ್ರೀತಿಸಿದರೆ ಅವಳ ಹೆಸರು ಏನಾಗುತ್ತೆ, ಬಸುರಾದರೆ ಏನು. ಹುಡುಗನ ಪಾತ್ರಕ್ಕೆ ಆ ಪಟ್ಟಿ ಇಲ್ಲ. ಓದೋ ಹುಡುಗಿ ಪ್ರೀತಿ, ಆಸೆ, ಸಿಟ್ಟು ಎಲ್ಲವನ್ನೂ ತನ್ನ ಮೈ ಮೇಲೆ ಬೀಳದ ಹಾಗೆ, ಸ್ವಲ್ಪ ದೂರದಿಂದ ನೋಡಬಹುದು.

ಈ ಕತೆಗಳು ಬೆಳೆಯೋಕೆ ಇನ್ನೆರಡು ಜಾಗ ಸಿಕ್ಕವು. ಒಂದು ಕಾಮಿಕೆಟ್, ಓದುಗರೇ ಬರೆದು ಓದುಗರೇ ಮಾರೋ ಸಂತೆ. 1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಮೊದಲನೆಯದು ನಡೆದಾಗ 32 ಗುಂಪುಗಳು, ಸುಮಾರು 700 ಜನ. ಬಂದವರಲ್ಲಿ ಹೆಚ್ಚಿನವರು ಶಾಲಾ ಹುಡುಗಿಯರು. ಇನ್ನೊಂದು 1978ರಲ್ಲಿ ಶುರುವಾದ 'ಜೂನ್' ಪತ್ರಿಕೆ, ಪೂರ್ತಿಯಾಗಿ ಇಂಥ ಕತೆಗಳಿಗೇ ಮೀಸಲು. 1980ರ ದಶಕದಲ್ಲಿ 'ಕ್ಯಾಪ್ಟನ್ ತ್ಸುಬಾಸಾ' ಅನ್ನೋ ಫುಟ್‌ಬಾಲ್ ಮಾಂಗಾದ ಹುಡುಗರನ್ನ ಜೋಡಿ ಮಾಡಿ ಹುಡುಗಿಯರು ಬರೆದ ಪುಸ್ತಕಗಳಿಗೆ ಕಾಮಿಕೆಟ್‌ನಲ್ಲಿ ನೂಕುನುಗ್ಗಲು. 1990ರ ದಶಕದಲ್ಲಿ ಪ್ರಕಾಶಕರು ಇದೊಂದು ಮಾರುಕಟ್ಟೆ ಅಂತ ಅರ್ಥ ಮಾಡಿಕೊಂಡರು. ಬಿಎಲ್ ಅಂತ ಹೆಸರಿಟ್ಟು ಸಾಲುಸಾಲು ಪತ್ರಿಕೆ ತಂದರು.

ನಾನ್ಯಾಕೆ ಓದ್ತೀನಿ?

ನನ್ನ ಕಾರಣ ಇದಕ್ಕಿಂತ ದೊಡ್ಡದೇನಲ್ಲ. ನಾನು ನೋಡಿ ಬೆಳೆದ ಸಿನಿಮಾಗಳಲ್ಲಿ ಹೀರೋ ಹುಡುಗಿ ಹಿಂದೆ ಬೈಕಲ್ಲಿ ಬರ್ತಾನೆ. ಅವಳು ಬೇಡ ಅಂತಾಳೆ. ಮತ್ತೆ ಬರ್ತಾನೆ. ಇಂಟರ್‌ವಲ್ ಹೊತ್ತಿಗೆ ಅವಳಿಗೆ ಲವ್ ಆಗಿರುತ್ತೆ. ಅದನ್ನ ನೋಡುವಾಗ ನಾನು ಯಾವಾಗಲೂ ಆ ಹುಡುಗಿ ಜಾಗದಲ್ಲಿ ಕೂತಿರ್ತಿದ್ದೆ, ಬಸ್ ಸ್ಟಾಪಿನಲ್ಲಿ ನಿಜವಾಗಿ ಕೂತ ಹಾಗೆ. ಬಿಎಲ್ ಓದುವಾಗ ಆ ಜಾಗ ಖಾಲಿ. ಅಲ್ಲಿ ನಾನಿಲ್ಲ. ಯಾರೂ ನನ್ನನ್ನ ನೋಡ್ತಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕ ಹಾಗೆ, ಆರಾಮಾಗಿ ಬೇರೆಯವರ ಪ್ರೀತಿ ನೋಡಬಹುದು.

ಗಂಡಸರು ಅಳೋದನ್ನ, ಹೆದರೋದನ್ನ, ಒಬ್ಬರಿಗೊಬ್ಬರು ಅಡುಗೆ ಮಾಡಿ ಬಡಿಸೋದನ್ನ ನಾನು ಮೊದಲು ಇಷ್ಟು ವಿವರವಾಗಿ ನೋಡಿದ್ದು ಈ ಪುಟಗಳಲ್ಲಿ. ಇದು ಸಣ್ಣ ವಿಷಯ ಅಂತ ನನಗೆ ಇವತ್ತಿಗೂ ಅನ್ನಿಸಲ್ಲ.

ಆದ್ರೆ ನನ್ನ ಸ್ನೇಹಿತನ ಪ್ರಶ್ನೆ ನೋಡಿ. ನನಗೆ ಆರಾಮಾಗಿರೋ ಆ ಸೀಟು ಇರೋದು ಯಾರ ಮನೆಯಲ್ಲಿ?

1992ರಲ್ಲಿ ಒಬ್ಬ ಓದುಗ ಎದ್ದು ಕೇಳಿದ

ಇದೇ ಪ್ರಶ್ನೆಯನ್ನ ಜಪಾನ್‌ನಲ್ಲಿ ಮೂವತ್ತು ವರ್ಷಕ್ಕೂ ಮುಂಚೆ ಒಬ್ಬರು ಕೇಳಿದ್ದರು. ಸಾತೊ ಮಸಾಕಿ ಅನ್ನೋ ಗೇ ಹೋರಾಟಗಾರ. 1992ರಲ್ಲಿ 'ಶ್ವಾಜೀರ್' ಅನ್ನೋ ಸ್ತ್ರೀವಾದಿಗಳ ಸಣ್ಣ ಪತ್ರಿಕೆಗೆ ಅವರು ಒಂದು ಸಿಟ್ಟಿನ ಬರಹ ಕಳಿಸಿದರು. ತಾತ್ಪರ್ಯ ಇಷ್ಟು: ನಿಮ್ಮ ಕತೆಗಳಲ್ಲಿ ಇರೋ ಚಂದದ ಹುಡುಗರು ನಾವಲ್ಲ. ನಮ್ಮ ಹೆಸರು ಹೇಳಿಕೊಂಡು ನಮ್ಮನ್ನ ಆಟದ ಗೊಂಬೆ ಮಾಡಿದೀರಿ. ಹೆಂಗಸರನ್ನ ಗಂಡಸರು ಹೇಗೆ ನೋಡ್ತಾರೆ ಅಂತ ನೀವು ದೂರ್ತೀರೋ, ನಮ್ಮನ್ನ ನೀವು ನೋಡ್ತಿರೋದೂ ಹಾಗೇ.

ಇದರಿಂದ ಶುರುವಾದ ಜಗಳಕ್ಕೆ ಯಾಓಯಿ ವಿವಾದ ಅಂತಲೇ ಹೆಸರಿದೆ. ಕೆಲವು ವರ್ಷ ಪತ್ರಿಕೆಯಲ್ಲಿ ವಾದ, ಪ್ರತಿವಾದ ನಡೀತು. ಇದು ಹೆಂಗಸರ ಕಲ್ಪನೆ, ನಿಮಗೂ ಇದಕ್ಕೂ ಸಂಬಂಧ ಇಲ್ಲ ಅಂತ ಕೆಲವರು ಹೇಳಿದರು. ಅವರು ಹೇಳ್ತಿರೋದರಲ್ಲಿ ಸತ್ಯ ಇದೆ, ನಮ್ಮ ಓದನ್ನ ನಾವು ಪರೀಕ್ಷೆ ಮಾಡಿಕೊಳ್ಳಬೇಕು ಅಂತ ಇನ್ನು ಕೆಲವರು.

ನಾನು ಯಾವ ಕಡೆ? ಮೊದಲು ಮೊದಲನೇ ಕಡೆ ಇದ್ದೆ. ಕಲ್ಪನೆಗೆ ಯಾಕೆ ಬಿಲ್ ಹಾಕ್ತೀರಿ ಅಂತ. ಈಗ ಹಾಗನ್ನಿಸಲ್ಲ. ಕಲ್ಪನೆ ಸಾಲ ತಗೊಂಡ ಬಂಡವಾಳ ಇದ್ದ ಹಾಗೆ. ತಗೋಬೇಡಿ ಅಂತ ನಾನು ಹೇಳಲ್ಲ. ತಗೊಂಡಿದೀವಿ ಅನ್ನೋದು ಪುಸ್ತಕದಲ್ಲಿ ಬರೆದಿರಬೇಕು. ಲೆಕ್ಕದಲ್ಲಿ ಸಾಲ ತೋರಿಸದೇ ಬರೀ ಲಾಭ ತೋರಿಸಿದರೆ ಅದಕ್ಕೆ ಏನಂತಾರೆ ಅಂತ ಯಾವ ಕಾಮರ್ಸ್ ವಿದ್ಯಾರ್ಥಿಯನ್ನ ಬೇಕಾದರೂ ಕೇಳಿ.

ನನಗೆ ಇಷ್ಟ ಆಗದ ನಾಲ್ಕು ವಿಷಯ

ಅಭಿಮಾನಿ ಅಂದಮೇಲೆ ದೂರೂ ಇರಬೇಕು. ಇವು ನನ್ನ ವೈಯಕ್ತಿಕ ಅಭಿಪ್ರಾಯ. ಒಪ್ಪದೇ ಇರಬಹುದು.

ಒಂದು, ಬೇಡ ಅನ್ನೋ ಮಾತಿಗೆ ಬೆಲೆ ಇಲ್ಲದಿರೋದು. ಎಷ್ಟೋ ಹಳೇ ಬಿಎಲ್‌ಗಳಲ್ಲಿ ಸೆಮೆ ಬಲವಂತ ಮಾಡ್ತಾನೆ, ಆಮೇಲೆ ಅದು ಪ್ರೀತಿಯ ತೀವ್ರತೆ ಅಂತ ಕತೆ ತೀರ್ಮಾನ ಕೊಡುತ್ತೆ. ಬೈಕ್ ಹೀರೋನಿಂದ ತಪ್ಪಿಸಿಕೊಂಡು ಬಂದವಳು ನಾನು. ಇಲ್ಲೂ ಅವನೇ ಕೂತಿದ್ದರೆ ನಾನು ಎಲ್ಲಿಗೆ ಹೋಗಲಿ? ಇಂಥವನ್ನ ಈಗ ಅರ್ಧಕ್ಕೇ ಮುಚ್ಚಿಡ್ತೀನಿ.

ಎರಡು, 'ನಾನು ಗೇ ಅಲ್ಲ, ನಿನ್ನನ್ನ ಮಾತ್ರ ಪ್ರೀತಿಸ್ತೀನಿ' ಅನ್ನೋ ಡೈಲಾಗ್. ಹೊಸದಾಗಿ ಓದುವಾಗ ಇದು ತುಂಬಾ ರೊಮ್ಯಾಂಟಿಕ್ ಅನ್ನಿಸಿತ್ತು. ನನ್ನ ಸ್ನೇಹಿತನ ಪಕ್ಕ ಕೂತು ಇನ್ನೊಂದು ಸಲ ಓದಿ ನೋಡಿ. ಗೇ ಅನ್ನೋದನ್ನ ಕೆಸರು ಅನ್ನೋ ಹಾಗೆ ದಾಟಿಕೊಂಡು ಹೋದ ಹಾಗಿರುತ್ತೆ.

ಮೂರು, ಹೆಂಗಸರ ಪಾತ್ರಗಳು. ಹೆಂಗಸರೇ ಬರೆದು ಹೆಂಗಸರೇ ಓದೋ ಕತೆಗಳಲ್ಲಿ ಹೆಂಗಸರು ಒಂದೋ ಇರೋದೇ ಇಲ್ಲ, ಇಲ್ಲಾ ಮಧ್ಯೆ ಬಂದು ಜಗಳ ಹಚ್ಚೋ ವಿಲನ್ ಆಗಿರ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತೆ.

ನಾಲ್ಕು, ವಯಸ್ಸು. ಈ ಪ್ರಕಾರ ಹುಟ್ಟಿದ್ದೇ ವಸತಿ ಶಾಲೆಯ ಕತೆಗಳಿಂದ. ತಾಕೆಮಿಯಾ ಅವರ ಕತೆಯಲ್ಲಿ ಒಬ್ಬ ಹುಡುಗನ ಮೇಲೆ ದೊಡ್ಡವರಿಂದ ಆಗೋ ದೌರ್ಜನ್ಯ ಇದೆ, ಆದರೆ ಅದನ್ನ ಅವರು ದೌರ್ಜನ್ಯ ಅಂತಲೇ ತೋರಿಸ್ತಾರೆ, ಅವನ ಬದುಕನ್ನ ಅದು ಹೇಗೆ ಮುರೀತು ಅಂತ ತೋರಿಸ್ತಾರೆ. ಆಮೇಲೆ ಬಂದ ಎಷ್ಟೋ ಪುಸ್ತಕಗಳಿಗೆ ಆ ಎಚ್ಚರ ಇಲ್ಲ. ಮಕ್ಕಳ ವಯಸ್ಸಿನ ಪಾತ್ರಗಳನ್ನ ಆಸೆಯ ವಸ್ತು ಮಾಡೋ ಕತೆಗಳು ನನ್ನ ಕಪಾಟಿನಲ್ಲಿ ಇಲ್ಲ. ಇದರಲ್ಲಿ ನಾನು ಚರ್ಚೆಗೂ ಸಿದ್ಧ ಇಲ್ಲ.

ಖರ್ಚಿನ ಲೆಕ್ಕ ಇಡೋ ವಕೀಲ

ಹಾಗಾದರೆ ಬಾಡಿಗೆ ಮನೆ ಪ್ರಶ್ನೆಗೆ ಉತ್ತರ ಕೊಡೋ ಕತೆ ಇದೆಯಾ? ಇದೆ.

ಯೋಶಿನಾಗಾ ಫುಮಿ ಅನ್ನೋ ಲೇಖಕಿ. 1990ರ ದಶಕದಲ್ಲಿ ಬಿಎಲ್‌ನಿಂದಲೇ ಬಂದವರು. 2007ರಲ್ಲಿ 'ನಿನ್ನೆ ಏನು ತಿಂದೆ?' ಅನ್ನೋ ಮಾಂಗಾ ಶುರು ಮಾಡಿದರು. ಅದು ಬಂದದ್ದು ಬಿಎಲ್ ಪತ್ರಿಕೆಯಲ್ಲಿ ಅಲ್ಲ, 'ಮಾರ್ನಿಂಗ್' ಅನ್ನೋ ಗಂಡಸರ ವಾರಪತ್ರಿಕೆಯಲ್ಲಿ. ಇಬ್ಬರು ಗಂಡಸರು, ಕಕೇಯಿ ಶಿರೊ ಮತ್ತು ಯಬುಕಿ ಕೆಂಜಿ. ಕತೆ ಶುರುವಾಗುವಾಗಲೇ ನಲವತ್ತರ ಆಸುಪಾಸಿನವರು. ಶಿರೊ ವಕೀಲ, ಕೆಂಜಿ ಕ್ಷೌರದ ಅಂಗಡಿಯಲ್ಲಿ ಕೆಲಸ ಮಾಡ್ತಾನೆ. ಸಂಜೆ ಶಿರೊ ಸೂಪರ್ ಮಾರ್ಕೆಟ್ಟಿಗೆ ಹೋಗಿ ಯಾವುದಕ್ಕೆ ಆಫರ್ ಇದೆ ಅಂತ ನೋಡಿ, ತಿಂಗಳ ಊಟದ ಖರ್ಚು ಮಿತಿ ದಾಟದ ಹಾಗೆ ತರಕಾರಿ, ಮೀನು ತಂದು ಅಡುಗೆ ಮಾಡ್ತಾನೆ. ಇಬ್ಬರೂ ಕೂತು ಊಟ ಮಾಡ್ತಾರೆ. ಹೆಚ್ಚಿನ ಅಧ್ಯಾಯಗಳಲ್ಲಿ ಕತೆ ಇಷ್ಟೇ. 2019ರಲ್ಲಿ ಟಿವಿ ಧಾರಾವಾಹಿ ಆಯ್ತು, 2021ರಲ್ಲಿ ಸಿನಿಮಾನೂ ಆಯ್ತು.

ಮೊದಲು ಓದುವಾಗ ಶಿರೊ ಜುಗ್ಗ ಅಂದುಕೊಂಡೆ. ಆಮೇಲೆ ಅರ್ಥ ಆಯ್ತು. ಅವನಿಗೆ ಮಕ್ಕಳಿಲ್ಲ. ಮದುವೆ ಅನ್ನೋ ಕಾನೂನಿನ ಆಸರೆ ಇಲ್ಲ. ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ಮುಪ್ಪಿಗೆ ತನ್ನ ಕೈಯಲ್ಲಿ ಇರೋ ದುಡ್ಡೇ ಗತಿ ಅಂತ ಅವನಿಗೆ ಗೊತ್ತು. ಆ ಹಾಲಿನ ಪ್ಯಾಕೆಟ್ಟಿನ ಮೇಲೆ ಉಳಿಸಿದ ಚಿಲ್ಲರೆಯ ಹಿಂದೆ ಇರೋದು ಹೆದರಿಕೆ.

ಕೆಂಜಿ ತನ್ನ ಅಂಗಡಿಯಲ್ಲಿ ಮುಚ್ಚಿಡದೇ ಬದುಕ್ತಾನೆ. ಶಿರೊ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಒಂದು ಹೊಸ ವರ್ಷಕ್ಕೆ ಶಿರೊ ಕೆಂಜಿಯನ್ನ ತನ್ನ ತಂದೆ ತಾಯಿ ಮನೆಗೆ ಕರೆದುಕೊಂಡು ಹೋಗ್ತಾನೆ. ಅವರು ಚೆನ್ನಾಗೇ ಮಾತಾಡಿಸ್ತಾರೆ. ಆಮೇಲೆ ಮಗನಿಗೆ ಹೇಳಿ ಕಳಿಸ್ತಾರೆ, ಇನ್ನು ಅವನನ್ನ ಕರೆದುಕೊಂಡು ಬರಬೇಡ, ನಮ್ಮ ಕೈಲಿ ಆಗಲ್ಲ ಅಂತ. ಅದರಲ್ಲಿ ಕಿರುಚಾಟ ಇಲ್ಲ, ಹೊಡೆದಾಟ ಇಲ್ಲ. ಎದುರಿಗೆ ಉಪಚಾರ ಮಾಡಿ, ಹೋದಮೇಲೆ ಬಾಗಿಲು ಹಾಕಿಕೊಳ್ಳೋದು. ಇದು ನಮಗೆ ಗೊತ್ತಿಲ್ಲದ ಮನೆ ಅಂತ ಅನ್ನಿಸುತ್ತಾ?

ಇನ್ನೊಂದು ಪ್ರಸಂಗ. ಶಿರೊಗೆ ಪರಿಚಯದ ಇನ್ನೊಂದು ಗೇ ಜೋಡಿ ಇದೆ. ಅವರಲ್ಲಿ ಒಬ್ಬ ಕಷ್ಟಪಟ್ಟು ಆಸ್ತಿ ಮಾಡಿದ್ದಾನೆ. ತಾನು ಸತ್ತರೆ ಅದು ತನ್ನ ಹೆತ್ತವರಿಗೆ ಹೋಗಬಾರದು, ಜೊತೆಗಾರನಿಗೆ ಸಿಗಬೇಕು ಅನ್ನೋದು ಅವನ ಆಸೆ. ಅದಕ್ಕೆ ಅವನು ವಕೀಲ ಶಿರೊ ಹತ್ರ ಕೇಳೋದು ದತ್ತು ಬಗ್ಗೆ. ಹೌದು, ದತ್ತು. ಜಪಾನ್‌ನಲ್ಲಿ ವಯಸ್ಕರನ್ನ ದತ್ತು ತಗೊಳ್ಳೋಕೆ ಕಾನೂನಿನಲ್ಲಿ ಅವಕಾಶ ಇದೆ. ಸಲಿಂಗ ಮದುವೆಗೆ ದೇಶದ ಕಾನೂನಿನ ಮಾನ್ಯತೆ ಇಲ್ಲದ ಕಾರಣ ಎಷ್ಟೋ ಜೋಡಿಗಳು ಈ ದಾರಿ ಹಿಡಿದಿವೆ. ಕಾಗದದ ಮೇಲೆ ಪ್ರೇಮಿ ಮಗ ಆಗ್ತಾನೆ. ನನ್ನ ಅಕೌಂಟೆನ್ಸಿ ತಲೆಗೂ ಕಣ್ಣಲ್ಲಿ ನೀರು ಬಂದ ಪುಟ ಅದು.

ಟೋಕಿಯೊದ ಶಿಬುಯಾ ಮತ್ತು ಸೆತಗಾಯಾ ಎಂಬ ಎರಡು ವಾರ್ಡುಗಳು 2015ರಲ್ಲಿ ಸಲಿಂಗ ಜೋಡಿಗಳಿಗೆ ಜೊತೆಗಾರಿಕೆಯ ಪ್ರಮಾಣಪತ್ರ ಕೊಡೋಕೆ ಶುರು ಮಾಡಿದವು. ಅದು ಮದುವೆ ಅಲ್ಲ. ಆದ್ರೆ ಮನೆ ಬಾಡಿಗೆಗೆ ಕೇಳುವಾಗ, ಆಸ್ಪತ್ರೆಯಲ್ಲಿ ನೋಡೋಕೆ ಹೋಗುವಾಗ ತೋರಿಸೋಕೆ ಒಂದು ಕಾಗದ. 2021ರ ಮಾರ್ಚ್‌ನಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ, ಮದುವೆಯ ಅವಕಾಶ ಕೊಡದೇ ಇರೋದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು. ನಮ್ಮಲ್ಲಿ 2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟ್, ಇದು ಸಂಸತ್ತು ತೀರ್ಮಾನ ಮಾಡಬೇಕಾದ ವಿಷಯ ಅಂತ ಹೇಳಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. ಅಂದ್ರೆ ಶಿರೊನ ಲೆಕ್ಕದ ಪುಸ್ತಕ ಇಲ್ಲಿಗೂ ಹೊಂದುತ್ತೆ.

ಒಳಗಿನಿಂದ ಬರೆದ ಕತೆಗಳು

ಗೇ ಲೇಖಕರೇ ಬರೆದ ಮಾಂಗಾಗಳೂ ಇವೆ. ತಗಾಮೆ ಗೆಂಗೊರೊ ಅವರ 'ನನ್ನ ಅಣ್ಣತಮ್ಮನ ಗಂಡ' ಅಂತ ಹೆಸರು ಮಾಡಬಹುದಾದ ಕೃತಿ 2014ರಿಂದ 2017ರವರೆಗೆ ಬಂತು. ಯಾಯಿಚಿ ಅನ್ನೋ ಅಪ್ಪ, ಅವನ ಪುಟ್ಟ ಮಗಳು ಕಾನಾ. ಯಾಯಿಚಿಯ ಅವಳಿ ಸಹೋದರ ಕೆನಡಾದಲ್ಲಿ ಮೈಕ್ ಅನ್ನೋನನ್ನ ಮದುವೆಯಾಗಿ, ಈಗ ತೀರಿಹೋಗಿದ್ದಾನೆ. ಆ ಮೈಕ್ ಒಂದು ದಿನ ಇವರ ಮನೆ ಬಾಗಿಲಿಗೆ ಬರ್ತಾನೆ. ಮಗು ಮುಜುಗರ ಇಲ್ಲದೆ ಎಲ್ಲಾ ಪ್ರಶ್ನೆ ಕೇಳುತ್ತೆ. ಅಪ್ಪ ತನ್ನೊಳಗಿನ ಅಸಹ್ಯವನ್ನ ಒಂದೊಂದಾಗಿ ಕಂಡುಕೊಳ್ತಾನೆ. ಇದು ಬಿಎಲ್ ಅಲ್ಲ, ಪ್ರೀತಿಯ ರೋಮಾಂಚನ ಇಲ್ಲಿಲ್ಲ. ಬಿಎಲ್ ಓದೋರು ಇದನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಬೇಕು ಅನ್ನೋದು ನನ್ನ ಅಭಿಪ್ರಾಯ. 2018ರಲ್ಲಿ ಇದಕ್ಕೆ ಅಮೆರಿಕದ ಐಸ್ನರ್ ಪ್ರಶಸ್ತಿಯೂ ಬಂತು.

ಕನ್ನಡದಲ್ಲಿ? ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲೇ ಬಂದಿದೆ. ಅದನ್ನ ನನಗೆ ಕೊಟ್ಟಿದ್ದು ಅದೇ ನನ್ನ ಸ್ನೇಹಿತ. ನಾನು ಅವನಿಗೆ ಜಪಾನಿನ ಪುಸ್ತಕ ಕೊಟ್ಟಿದ್ದಕ್ಕೆ ಅವನು ವಾಪಸ್ ಕೊಟ್ಟ ಪುಸ್ತಕ. ನನ್ನದೇ ಭಾಷೆಯಲ್ಲಿ, ನನಗೆ ಗೊತ್ತಿರೋ ಥರದ ಮನೆ, ರೂಮು, ಆಫೀಸುಗಳಲ್ಲಿ ಈ ಬದುಕು ಬರೆದಿಟ್ಟಿರುವಾಗ, ನಾನು ಅದನ್ನ ಓದದೇ ಸಾವಿರಾರು ಮೈಲಿ ದೂರದ ಕತೆಗಳಲ್ಲಿ ಮುಳುಗಿದ್ದೆ. ದೂರದ್ದು ಸುಲಭ. ದೂರದಲ್ಲಿ ನೋಯೋದು ಕಡಿಮೆ. ಇದನ್ನ ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ದಿನ ಬೇಕಾಯ್ತು.

75ರ ಓದುಗಳು

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಬಿಎಲ್ ಬಿಟ್ಟುಬಿಟ್ಟೆಯಾ ಅಂತ ನೀವು ಕೇಳಬಹುದು. ಇಲ್ಲ. ಯಾಕೆ ಬಿಟ್ಟಿಲ್ಲ ಅಂತ ಹೇಳೋಕೆ ಇನ್ನೊಂದು ಪುಸ್ತಕ. ತ್ಸುರುತಾನಿ ಕಾವೊರಿ ಅವರು 2017ರಲ್ಲಿ ಶುರು ಮಾಡಿದ ಐದು ಸಂಪುಟದ ಮಾಂಗಾ. ಇಂಗ್ಲಿಷ್‌ನಲ್ಲಿ 'ಬಿಎಲ್ ಮೆಟಮಾರ್ಫಸಿಸ್' ಅನ್ನೋ ಹೆಸರಲ್ಲಿ ಸಿಗುತ್ತೆ. 2022ರಲ್ಲಿ ಸಿನಿಮಾ ಆಗಿದೆ. ಇದು ಬಿಎಲ್ ಓದೋರ ಕತೆ.

ಗಂಡ ತೀರಿಕೊಂಡು ಒಂಟಿಯಾಗಿರೋ 75 ವರ್ಷದ ಇಚಿನೊಯಿ ಯೂಕಿ ಅನ್ನೋ ಅಜ್ಜಿ. ಪುಸ್ತಕದ ಅಂಗಡಿಗೆ ಹೋದಾಗ ಚಿತ್ರ ಚೆನ್ನಾಗಿದೆ ಅಂತ ಒಂದು ಪುಸ್ತಕ ತಗೊಂಡು ಬರ್ತಾರೆ. ಮನೆಗೆ ಬಂದು ಓದಿದರೆ ಇಬ್ಬರು ಹುಡುಗರು ಮುತ್ತು ಕೊಡ್ತಿದ್ದಾರೆ. ಅಯ್ಯೋ ಅಂತಾರೆ. ಆಮೇಲೆ ಮುಂದಿನ ಸಂಪುಟ ತರೋಕೆ ಹೋಗ್ತಾರೆ. ಅಂಗಡಿಯಲ್ಲಿ ಪಾರ್ಟ್ ಟೈಮ್ ಕೆಲಸ ಮಾಡೋ 17 ವರ್ಷದ ಉರಾರಾ ಗುಟ್ಟಾಗಿ ಬಿಎಲ್ ಓದೋ ಹುಡುಗಿ, ತನ್ನ ಪುಸ್ತಕಗಳನ್ನ ಮನೆಯಲ್ಲಿ ರಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟವಳು. ಇವರಿಬ್ಬರೂ ಸ್ನೇಹಿತೆಯರಾಗ್ತಾರೆ. ಮುಂದಿನ ಸಂಪುಟ ಯಾವಾಗ ಬರುತ್ತೆ, ಆಗ ತನಗೆ ಎಷ್ಟು ವಯಸ್ಸು ಅಂತ ಅಜ್ಜಿ ಲೆಕ್ಕ ಹಾಕೋ ಜಾಗ ಒಂದಿದೆ. ಎಷ್ಟು ಸಂಪುಟ ಓದೋಕೆ ತನಗೆ ಆಯಸ್ಸು ಉಳಿದಿದೆ ಅಂತ.

ಆ ಅಜ್ಜಿ ನಾಚಿಕೊಳ್ಳಲ್ಲ. ಕತೆ ಇಷ್ಟ ಆಯ್ತು, ಯಾರ ಹತ್ರನಾದರೂ ಮಾತಾಡಬೇಕು, ಅಷ್ಟೇ. ಅದನ್ನ ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ಗುಟ್ಟಾಗಿ ಓದಿದಷ್ಟು ದಿನ ನಾನು ಯಾರ ಪ್ರಶ್ನೆಯನ್ನೂ ಕೇಳಿಸಿಕೊಳ್ಳಬೇಕಾಗಿರಲಿಲ್ಲ. ಬಚ್ಚಿಟ್ಟ ಪುಸ್ತಕದ ಬಗ್ಗೆ ಯಾರು ಏನು ಕೇಳ್ತಾರೆ? ಸ್ನೇಹಿತನ ಕೈಗೆ ಪುಸ್ತಕ ಕೊಟ್ಟ ದಿನ ಮೊದಲ ಸಲ ನನ್ನ ಓದು ಬೆಳಕಿಗೆ ಬಂತು. ಅವನು ಬಾಡಿಗೆ ಮನೆ ಕೇಳಿದ. ಕೇಳಲಿ ಅಂತಲೇ ಕೊಡಬೇಕು.

ಈಗ ಹೊಸ ಬಿಎಲ್ ತೆಗೆದಾಗ ನಾನು ಮೊದಲು ನೋಡೋದು ಇಷ್ಟು. ಬೇಡ ಅಂದಾಗ ಎದುರಿಗಿರೋನು ನಿಲ್ಲಿಸ್ತಾನಾ? ಮನೆ, ಕೆಲಸ, ಅಪ್ಪ ಅಮ್ಮ, ದುಡ್ಡು, ಇವು ಕತೆಯಲ್ಲಿ ಎಲ್ಲಾದರೂ ಇವೆಯಾ? ಎಲ್ಲಾ ಪುಟದಲ್ಲೂ ಇರಬೇಕು ಅಂತಿಲ್ಲ. ಎಲ್ಲಾದರೂ ಒಂದು ಕಡೆ ಇದ್ದರೆ, ಬರೆದವರಿಗೆ ಗೊತ್ತಿದೆ ಅಂತ ನನಗೆ ಗೊತ್ತಾಗುತ್ತೆ.

ಮುಗಿಸೋ ಮುಂಚೆ ಒಂದು ಸುದ್ದಿ. ನನ್ನ ಸ್ನೇಹಿತ ಮತ್ತು ಅವನ ಜೊತೆಗಾರ ಹೋದ ತಿಂಗಳು ಬೆಂಗಳೂರಲ್ಲಿ ಮನೆ ಹುಡುಕ್ತಾ ಇದ್ದರು. ಒಂದು ಕಡೆ ಬ್ಯಾಚುಲರ್ಸ್‌ಗೆ ಕೊಡಲ್ಲ ಅಂದರು. ಇನ್ನೊಂದು ಕಡೆ ಫ್ಯಾಮಿಲಿಗೆ ಮಾತ್ರ ಅಂದರು. ಮೂರನೇ ಕಡೆ, ಓನರ್ ಆಂಟಿ "ನೀವಿಬ್ಬರೂ ಏನಾಗಬೇಕಪ್ಪಾ?" ಅಂತ ಕೇಳಿದರಂತೆ. ಇವನು "ಕಸಿನ್ಸ್ ಆಂಟಿ" ಅಂದ. ಅಡ್ವಾನ್ಸ್ ಕೊಟ್ಟು ಬೀಗದ ಕೈ ತಗೊಂಡ ಮೇಲೆ ನನಗೆ ಮೆಸೇಜ್ ಹಾಕಿದ: "ಸಿಕ್ತು ಕಣೇ, ಮನೆ ಕೊಡೋರು. ಕಸಿನ್ಸ್‌ಗೆ."

ಈ ಸಲನೂ ನಾನು ನಕ್ಕೆ. ಅವನೂ ನಕ್ಕ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಗೃಹಪ್ರವೇಶಕ್ಕೆ 'ನಿನ್ನೆ ಏನು ತಿಂದೆ?' ಮೊದಲ ಸಂಪುಟ ತಗೊಂಡು ಹೋಗ್ತಿದೀನಿ. ಅಡುಗೆ ಅವರಿಬ್ಬರದೇ.

ನೀವೂ ಗುಟ್ಟಾಗಿ ಏನಾದರೂ ಓದ್ತಿದ್ದರೆ ಬರೆದು ಕಳಿಸಿ. ಬಿಎಲ್ ಬಗ್ಗೆ ನನ್ನ ಅಭಿಪ್ರಾಯ ತಪ್ಪು ಅನ್ನಿಸಿದರೆ ಅದನ್ನೂ ಬರೀರಿ, ಓದ್ತೀನಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ದುಡ್ಡಿನ ವಿಷಯಕ್ಕೆ ಬರೋಣ. ಬಾಡಿಗೆ ಕರಾರು ಪತ್ರದಲ್ಲಿ ಏನೇನು ನೋಡಬೇಕು ಅಂತ.